ಸೆಲ್ಫ್ ತಿರುಗುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ: ಹಳೆಯ ಮಾರುತಿ 800ರ ದೋಷ ಹುಡುಕುವ ಬಗೆ

ಕೀ ತಿರುಗಿಸುತ್ತೀರಿ. ಸೆಲ್ಫ್ ಮೋಟಾರು ಇಂಜಿನನ್ನು ಸುತ್ತಿಸುತ್ತದೆ, ಇಂಜಿನ್ ಹತ್ತಿಕೊಳ್ಳುವುದಿಲ್ಲ. ಮತ್ತೊಮ್ಮೆ ತಿರುಗಿಸುತ್ತೀರಿ. ಮೂರನೆಯ ಸಲ ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ಐದನೆಯ ಸಲಕ್ಕೆ ಸೆಲ್ಫಿನ ಸ್ವರ ಇಳಿಯುತ್ತದೆ, ಏಳನೆಯ ಸಲಕ್ಕೆ ಬರೀ ‘ಟಕ್’ ಎನ್ನುತ್ತದೆ. ಈಗ ಗಾಡಿಯಲ್ಲಿ ಎರಡು ದೋಷಗಳಿವೆ. ಮೊದಲನೆಯದು ಏನೆಂದು ಇನ್ನೂ ಗೊತ್ತಿಲ್ಲ, ಎರಡನೆಯದು ನೀವೇ ಮಾಡಿಕೊಂಡದ್ದು.

ನಮ್ಮ ಮನೆಯಲ್ಲಿರುವುದು 1992ರ ಮಾರುತಿ 800. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್, ಅದರೊಳಗೆ ಹೋಗುವ ಗಾಳಿ ತಗ್ಗಿಸಲು ಕೈಯಲ್ಲಿ ಎಳೆಯುವ ಚೋಕ್, ಕಿಡಿಯ ಕ್ಷಣ ಗೊತ್ತುಮಾಡುವ ಸಿಬಿ ಪಾಯಿಂಟ್, ಎಲ್ಲವೂ ಹಳೆಯ ಕಾಲದವು. ಮಲೆನಾಡಿನ ಮಳೆ, ಕೊಟ್ಟಿಗೆಯ ಇಲಿ, ವಾರಗಟ್ಟಲೆ ನಿಂತಲ್ಲೇ ನಿಲ್ಲುವ ಅಭ್ಯಾಸ ಇವೆಲ್ಲ ಸೇರಿ ಈ ಗಾಡಿ ನನಗೆ ಕಲಿಸಿದ್ದನ್ನು ಬರೆಯುತ್ತಿದ್ದೇನೆ. 1983ರ ಕೊನೆಯಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. 2000ದ ಸುಮಾರಿಗೆ ಕಾರ್ಬುರೇಟರಿನ ಜಾಗಕ್ಕೆ ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲ್ ಎರಚುವ ಎಂಪಿಎಫ್‌ಐ ಬಂದಿತು. ಹೊಸ ಬಗೆಯ ಗಾಡಿ ಇರುವವರಿಗೆ ಕೊನೆಯ ಕಡೆ ಬೇರೆ ಭಾಗವಿದೆ. ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೂ ಹೆಚ್ಚಿನದೆಲ್ಲ ಹೊಂದುತ್ತದೆ. ಡೀಸೆಲ್ ಗಾಡಿಯ ವಿಷಯ ಇಲ್ಲಿಲ್ಲ.

ಪೆಟ್ರೋಲ್ ಇಂಜಿನ್ ಹತ್ತಬೇಕಾದರೆ ಹದವಾಗಿ ಗಾಳಿ ಬೆರೆತ ಪೆಟ್ರೋಲ್ ಒಳಗೆ ಬರಬೇಕು, ಸಿಲಿಂಡರಿನಲ್ಲಿ ಅದು ಬಿಗಿಯಾಗಿ ಒತ್ತಲ್ಪಡಬೇಕು, ಸರಿಯಾದ ಕ್ಷಣದಲ್ಲಿ ಕಿಡಿ ಹಾರಬೇಕು. ಸೆಲ್ಫ್ ಚುರುಕಾಗಿ ತಿರುಗುತ್ತಿದೆ ಎಂದರೆ ಬ್ಯಾಟರಿಯನ್ನೂ ಸೆಲ್ಫ್ ಮೋಟಾರನ್ನೂ ಸದ್ಯಕ್ಕೆ ಬಿಟ್ಟುಬಿಡಬಹುದು. ಉಳಿದ ಮೂರರಲ್ಲಿ ಯಾವುದು ತಪ್ಪಿದೆ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರ ಮೂಗಿಗೆ, ಕಿವಿಗೆ, ಕಣ್ಣಿಗೆ ಸಿಗುತ್ತದೆ. ಕೀಗೆ ಸಿಗುವುದಿಲ್ಲ. ಆದ್ದರಿಂದ ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ. ಮೂರು ಸಲಕ್ಕೆ ಹತ್ತದಿದ್ದರೆ ಕೀ ತೆಗೆದು ಜೇಬಿಗೆ ಹಾಕಿ ಕೆಳಗಿಳಿಯಿರಿ.

ಬಾನೆಟ್ ಎತ್ತುವ ಮೊದಲು

ಗಾಡಿ ರಸ್ತೆಯಲ್ಲಿ ನಿಂತಿದ್ದರೆ ಮೊದಲು ಅಂಚಿಗೆ ತಳ್ಳಿ, ಹಜಾರ್ಡ್ ದೀಪ ಹಾಕಿ, ಮಕ್ಕಳನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಸೆರಗು, ಶಾಲು, ಕೊರಳಿನ ಸರ, ಸಡಿಲ ಲುಂಗಿ ಇವು ಯಾವುವೂ ತಿರುಗುವ ಬೆಲ್ಟಿನ ಹತ್ತಿರ ಹೋಗಬಾರದು. ಬೀಡಿ ಸಿಗರೇಟು ಹಿಡಿದುಕೊಂಡೇ ಸಹಾಯಕ್ಕೆ ಬರುವ ಒಬ್ಬರು ಎಲ್ಲ ಊರಿನಲ್ಲೂ ಇರುತ್ತಾರೆ. ಅವರನ್ನು ವಿನಯದಿಂದಲೇ ದೂರ ಕಳುಹಿಸಿ.

ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ? ನಗಬೇಡಿ. ಹಳೆಯ ಗಾಡಿಯ ಪೆಟ್ರೋಲ್ ಮುಳ್ಳು ಸುಳ್ಳು ಹೇಳುವುದರಲ್ಲಿ ನಿಸ್ಸೀಮ. ನನ್ನ ಗಾಡಿಯ ಮುಳ್ಳು ಕಾಲು ಟ್ಯಾಂಕಿನಲ್ಲಿ ಸಿಕ್ಕಿಕೊಂಡು ನನ್ನನ್ನು ಎರಡು ಸಲ ನಡೆಸಿದೆ. ಮುಚ್ಚಳ ತೆಗೆದು, ಹಿಂದಿನ ಬಂಪರ್ ಹಿಡಿದು ಗಾಡಿಯನ್ನು ಅಲ್ಲಾಡಿಸಿದರೆ ಒಳಗೆ ಕುಲುಕುವ ಸದ್ದು ಕೇಳಬೇಕು. ಸಂಶಯವಿದ್ದರೆ ಎರಡು ಲೀಟರ್ ಹಾಕಿಯೇ ಮುಂದುವರಿಯಿರಿ. ಏರಿನಲ್ಲಿ ನಿಂತ ಗಾಡಿಯಲ್ಲಿ ಪೆಟ್ರೋಲ್ ಕಡಿಮೆಯಿದ್ದರೆ ಅದು ಒಂದು ಮೂಲೆಗೆ ಸರಿದು ಪೈಪಿಗೆ ಎಟುಕದೇ ಇರಬಹುದು, ಅದೂ ನೆನಪಿರಲಿ.

ಗ್ಯಾಸ್ ಕಿಟ್ ಹಾಕಿಸಿದ ಓಮ್ನಿ, 800 ನಮ್ಮಲ್ಲಿ ಬೇಕಾದಷ್ಟಿವೆ. ಡ್ಯಾಶ್‌ಬೋರ್ಡಿನ ಪೆಟ್ರೋಲ್–ಗ್ಯಾಸ್ ಸ್ವಿಚ್ಚು ನಡುವಿನಲ್ಲಿ ನಿಂತುಬಿಟ್ಟರೆ ಎರಡೂ ಬಂದ್. ಗ್ಯಾಸಿನ ವಾಸನೆ ಬರುತ್ತಿದ್ದರೆ ಮಾತ್ರ ಸೆಲ್ಫ್ ಮುಟ್ಟಲೇಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ಕುಳಿತುಕೊಳ್ಳುತ್ತದೆ. ಎಲ್ಲ ಬಾಗಿಲು ತೆರೆದು, ಸಿಲಿಂಡರಿನ ವಾಲ್ವ್ ಮುಚ್ಚಿ, ದೂರ ನಿಂತು ಕಿಟ್ ಹಾಕಿದವರನ್ನೇ ಕರೆಸಿ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಚೋಕ್ ಎಳೆದಿದ್ದೀರಾ? ತಣ್ಣಗಿನ ಇಂಜಿನ್ನಿಗೆ ಪೂರ್ತಿ ಎಳೆಯಬೇಕು, ಬಿಸಿ ಇಂಜಿನ್ನಿಗೆ ಎಳೆಯಬಾರದು. ಗುಂಡಿ ಕೈಗೆ ತೀರಾ ಹಗುರವಾಗಿ ಬಂದರೆ ಕೇಬಲ್ ತುಂಡಾಗಿರಬಹುದು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಕಾರ್ಬುರೇಟರಿನ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ಪಂಪು ಅದನ್ನು ಮತ್ತೆ ತುಂಬಿಸುವಷ್ಟರಲ್ಲಿ ಮೂರು ನಾಲ್ಕು ಸಲ ಸೆಲ್ಫ್ ಹೊಡೆಯಬೇಕಾಗುವುದು ಸಹಜ, ಅದು ದೋಷವಲ್ಲ.

ಸೆಲ್ಫ್ ತಿರುಗುತ್ತದೆ, ಆದರೆ ಸೋತಂತೆ

ಬ್ಯಾಟರಿಯಲ್ಲಿ ಸೆಲ್ಫ್ ತಿರುಗಿಸುವಷ್ಟು ಶಕ್ತಿ ಇದ್ದು ಕಿಡಿ ಹಾರಿಸುವಷ್ಟು ಉಳಿಯದೇ ಇರಬಹುದು. ಸುಮ್ಮನಿದ್ದಾಗ ಬ್ಯಾಟರಿಯಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು. ಸೆಲ್ಫ್ ಹೊಡೆಯುವಾಗ 10ಕ್ಕಿಂತ ತುಂಬ ಕೆಳಗೆ ಬಿದ್ದರೆ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲಿಗೆ ಸಿಗುವುದು ಅರೆಹೊಟ್ಟೆ ಊಟ. ಮಲ್ಟಿಮೀಟರ್ ಇಲ್ಲದವರು ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆದು ನೋಡಬಹುದು. ಬೆಳಕು ಸ್ವಲ್ಪ ಮಂಕಾದರೆ ಸರಿ, ಕೆಂಪಾಗಿ ಆರಿಹೋಗುವಂತಾದರೆ ಬ್ಯಾಟರಿ ಅಥವಾ ಅದರ ತಂತಿ.

ಹೊಸ ಬ್ಯಾಟರಿ ಕೊಳ್ಳುವ ಮೊದಲು ಟರ್ಮಿನಲ್ ನೋಡಿ. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ, ಬಿಸಿ ನೀರು ಹಾಕಿ ಉಜ್ಜಿ ತೊಳೆದು ಒರೆಸಿ ಬಿಗಿ ಮಾಡಿ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಬ್ಯಾಟರಿಯಿಂದ ಬಾಡಿಗೆ, ಇಂಜಿನ್ನಿಗೆ ಹೋಗುವ ಅರ್ಥ್ ಪಟ್ಟಿಯ ತುಕ್ಕನ್ನೂ ಉಜ್ಜಿ. ಕರಾವಳಿಯ ಉಪ್ಪು ಗಾಳಿಯಲ್ಲಿ ಮೊದಲು ಸಾಯುವುದು ಇದೇ.

ನಾಲ್ಕು ಜನ ಸೇರಿ ತಳ್ಳುವ ಉಪಾಯ ಕೆಲಸಕ್ಕೆ ಬರುವುದು ಈ ಒಂದು ಲಕ್ಷಣಕ್ಕೆ ಮಾತ್ರ. ಸೆಲ್ಫ್ ಚುರುಕಾಗಿ ತಿರುಗಿಯೂ ಹತ್ತದ ಗಾಡಿಯನ್ನು ಊರಿಡೀ ತಳ್ಳಿದರೂ ಹತ್ತುವುದಿಲ್ಲ. ತಳ್ಳಿದವರಿಗೆಲ್ಲ ಚಹಾ ಕುಡಿಸುವ ಖರ್ಚು ಬೇರೆ.

ಪೆಟ್ರೋಲಿನ ವಾಸನೆ ಗಾಢವಾಗಿದೆ

ಬಾನೆಟ್ ಎತ್ತಿದ ಕೂಡಲೇ ಮೂಗಿಗೆ ಹೊಡೆಯುತ್ತದೆ ಎಂದರೆ ಮೊದಲು ಕಣ್ಣಾಡಿಸಿ. ಪೈಪಿನಿಂದ, ಪಂಪಿನಿಂದ ಪೆಟ್ರೋಲ್ ಹೊರಗೆ ಒಸರುತ್ತಿದೆಯೇ? ಇದ್ದರೆ ಅಲ್ಲಿಗೇ ನಿಲ್ಲಿಸಿ. ಕೀ ತೆಗೆಯಿರಿ. ಒದ್ದೆಯಿರುವಾಗ ಒಂದು ಕಿಡಿ ಸಾಕು, ಗಾಡಿ ಉರಿದುಹೋಗುತ್ತದೆ. ಬೆಂಕಿ ಆರಿಸುವ ಪುಡಿಯ ಸಣ್ಣ ಸಿಲಿಂಡರ್ ಒಂದನ್ನು ಗಾಡಿಯಲ್ಲಿ ಇಟ್ಟುಕೊಳ್ಳದವರು ಹಳೆಯ ಪೆಟ್ರೋಲ್ ಗಾಡಿಗೆ ಕೈ ಹಾಕಬಾರದು ಎಂಬುದು ನನ್ನ ಖಡಕ್ ಅಭಿಪ್ರಾಯ.

ಹೊರಗೆ ಒಸರದೆ ಬರೀ ವಾಸನೆ ಇದ್ದರೆ ಅದು ಓವರ್‌ಫ್ಲೋ. ಅಂದರೆ ಪೆಟ್ರೋಲ್ ಹೆಚ್ಚಾಗಿ, ಕಿಡಿ ಹಾರಿಸುವ ಪ್ಲಗ್‌ಗಳು ತೊಯ್ದುಹೋಗಿವೆ. ಹೆಚ್ಚಿನ ಸಲ ಕಾರಣ ನಾವೇ: ಚೋಕ್ ಎಳೆದು, ಆಕ್ಸಿಲರೇಟರನ್ನು ಹತ್ತು ಸಲ ಒತ್ತಿ ಸೆಲ್ಫ್ ಹೊಡೆದಿರುತ್ತೇವೆ. ಒಂದೊಂದು ಒತ್ತಿಗೂ ಕಾರ್ಬುರೇಟರ್ ಒಳಗೆ ಪಿಚಕಾರಿಯಂತೆ ಪೆಟ್ರೋಲ್ ಎರಚುತ್ತದೆ. ಚೋಕ್ ಒಳಗೆ ತಳ್ಳಿ, ಹದಿನೈದು ನಿಮಿಷ ಗಾಡಿಯನ್ನು ಅದರ ಪಾಡಿಗೆ ಬಿಡಿ. ಆಮೇಲೆ ಆಕ್ಸಿಲರೇಟರನ್ನು ನಿಧಾನವಾಗಿ ಪೂರ್ತಿ ಕೆಳಗೆ ಒತ್ತಿ, ಹಾಗೆಯೇ ಹಿಡಿದುಕೊಂಡು ಸೆಲ್ಫ್ ಹೊಡೆಯಿರಿ. ಎತ್ತಿ ಎತ್ತಿ ಒತ್ತಬಾರದು. ಗಾಳಿ ಧಾರಾಳವಾಗಿ ಹೋಗಿ ಒಳಗಿನ ಪೆಟ್ರೋಲನ್ನು ಹೊರಗಟ್ಟುತ್ತದೆ. ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಬಿಟ್ಟು ಹತ್ತಿಕೊಂಡರೆ ಕೆಲಸ ಮುಗಿಯಿತು.

ನೀವು ಏನೂ ಒತ್ತದೆಯೇ ದಿನವೂ ಹೀಗಾಗುತ್ತಿದ್ದರೆ ಕಾರ್ಬುರೇಟರಿನ ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಕಸ ಸಿಕ್ಕಿ ತೆರೆದೇ ಉಳಿದಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿನ ಪಕ್ಕಕ್ಕೆ ಮೆಲ್ಲನೆ ಎರಡು ಸಲ ತಟ್ಟಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಎರಡನೆಯ ದಿನವೂ ತಟ್ಟಬೇಕಾಗಿ ಬಂದರೆ ಕಾರ್ಬುರೇಟರ್ ಬಿಚ್ಚಿಸಿ ತೊಳೆಸಿ. ಗಾಳಿಯ ಫಿಲ್ಟರನ್ನೂ ತೆರೆದು ನೋಡಿ. ಅಡಿಕೆ ಸುಲಿಯುವ ದಿನಗಳಲ್ಲಿ ನನ್ನ ಗಾಡಿಯ ಫಿಲ್ಟರ್ ಡಬ್ಬಿಯೊಳಗೆ ಇಲಿಯೊಂದು ಹುಲ್ಲು, ಸಿಪ್ಪೆ, ಹಳೆಯ ಸೀರೆಯ ಚೂರು ಸೇರಿಸಿ ಅಚ್ಚುಕಟ್ಟಾದ ಬಾಣಂತಿ ಕೋಣೆ ಕಟ್ಟಿತ್ತು. ಗಾಳಿ ಹೋಗದಿದ್ದರೆ ಅದೂ ಓವರ್‌ಫ್ಲೋ ಲೆಕ್ಕವೇ.

ಆಯಿಲ್ ಕಡ್ಡಿಯನ್ನು ಎಳೆದು ಮೂಸಿ ನೋಡುವುದನ್ನು ಮರೆಯಬೇಡಿ. ಆಯಿಲ್ ಮಟ್ಟ ತಾನಾಗಿ ಏರಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಪಂಪಿನೊಳಗಿನ ಡಯಾಫ್ರಮ್ ಎಂಬ ಪದರ ತೂತಾಗಿ ಪೆಟ್ರೋಲ್ ಇಂಜಿನ್ನಿನೊಳಗೆ ಇಳಿಯುತ್ತಿರಬಹುದು. ಆ ಆಯಿಲಿನಲ್ಲಿ ಇಂಜಿನ್ ಓಡಿಸಿದರೆ ಬೇರಿಂಗ್ ಹೋಗುತ್ತದೆ. ಪಂಪ್ ಬದಲಿಸಿ, ಆಯಿಲ್ ಬದಲಿಸಿ, ಆಮೇಲೆ ಕೀ ಮುಟ್ಟಿ.

ಪೆಟ್ರೋಲಿನ ವಾಸನೆಯೇ ಇಲ್ಲ

ಇಂಜಿನ್ ನಿಂತಿರುವಾಗ ಫಿಲ್ಟರಿನ ಮುಚ್ಚಳ ತೆಗೆದು ಕಾರ್ಬುರೇಟರಿನ ಗಂಟಲಿಗೆ ಟಾರ್ಚ್ ಬಿಡಿ. ಕೈಯಿಂದ ಆಕ್ಸಿಲರೇಟರ್ ಲಿವರನ್ನು ಒಮ್ಮೆ ಎಳೆದರೆ ಒಳಗೆ ಸಣ್ಣ ಪೆಟ್ರೋಲ್ ಧಾರೆ ಚಿಮ್ಮಬೇಕು. ಚಿಮ್ಮಿದರೆ ಬಟ್ಟಲಿನಲ್ಲಿ ಪೆಟ್ರೋಲ್ ಇದೆ, ಕಿಡಿಯ ಭಾಗಕ್ಕೆ ಹೋಗಿ. ಯಾರಾದರೂ ಸೆಲ್ಫ್ ಹೊಡೆಯುತ್ತಿರುವಾಗ ಮಾತ್ರ ಅಲ್ಲಿಗೆ ಮುಖ ಇಡಬೇಡಿ. ಗಂಟಲಿಗೆ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡುವ ಗ್ಯಾರೇಜ್ ವಿದ್ಯೆಯನ್ನು ನಾನೂ ಒಮ್ಮೆ ಪ್ರಯೋಗಿಸಿದ್ದೆ. ಬ್ಯಾಕ್‌ಫೈರ್ ಆಗಿ ಬಲಗಡೆಯ ಹುಬ್ಬು ಹೋಯಿತು. ಅದು ಮತ್ತೆ ಬೆಳೆಯುವವರೆಗೆ ಮದುವೆಮನೆಗಳಲ್ಲಿ ಕಾರಣ ವಿವರಿಸುತ್ತಾ ಇರಬೇಕಾಯಿತು.

ಧಾರೆ ಬಾರದಿದ್ದರೆ ಹಿಂದಕ್ಕೆ ಹುಡುಕುತ್ತ ಹೋಗಿ. ಪೆಟ್ರೋಲ್ ಪೈಪಿನ ನಡುವೆ ಇರುವ ಪುಟ್ಟ ಫಿಲ್ಟರ್ ಎಲ್ಲಕ್ಕಿಂತ ಅಗ್ಗದ ಸಾಮಾನು. ಒಳಗೆ ಕಂದು ಕೆಸರು ಕಂಡರೆ ಯೋಚಿಸದೆ ಬದಲಿಸಿ. ಬಾಣದ ಗುರುತು ಕಾರ್ಬುರೇಟರಿನ ಕಡೆ ಇರಬೇಕು. ಆಮೇಲೆ ರಬ್ಬರ್ ಪೈಪುಗಳು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಮೂವತ್ತು ವರ್ಷದ ಹಿಂದಿನ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ, ಉಬ್ಬುತ್ತದೆ, ಮೆತ್ತಗಾಗುತ್ತದೆ, ಒಳಗೆ ಪದರ ಕಳಚಿ ದಾರಿ ಕಟ್ಟುತ್ತದೆ. ಹೊರಗಿನಿಂದ ಪೈಪು ಸರಿಯಾಗಿಯೇ ಕಾಣುತ್ತದೆ. ಎಥನಾಲಿಗೆ ನೀರು ಹೀರುವ ಗುಣವೂ ಇದೆ. ಮಳೆಗಾಲವಿಡೀ ಅರೆ ಟ್ಯಾಂಕಿನಲ್ಲಿ ನಿಂತ ಗಾಡಿಯಲ್ಲಿ ನೀರು ಹೆಚ್ಚಾದರೆ ಅದು ಎಥನಾಲನ್ನೂ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಪೈಪು ಹೀರುವುದು ತಳದಿಂದಲೇ. ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಇಟ್ಟರೆ ಎರಡು ಪದರ ಕಾಣುತ್ತದೆಯೇ ನೋಡಿ. ಕಂಡರೆ ಟ್ಯಾಂಕ್ ಖಾಲಿ ಮಾಡಿಸದೆ ಬೇರೆ ದಾರಿಯಿಲ್ಲ.

ಪಂಪಿನ ಪರೀಕ್ಷೆ ಹೀಗೆ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಕಾಯಿಲಿನಿಂದ, ಕಿಡಿಯನ್ನು ಒಂದೊಂದು ಪ್ಲಗ್ಗಿಗೂ ಹಂಚುವ ಡಿಸ್ಟ್ರಿಬ್ಯೂಟರಿನ ನಡುವಿಗೆ ಬರುವ ದಪ್ಪ ತಂತಿಯನ್ನು ಡಿಸ್ಟ್ರಿಬ್ಯೂಟರ್ ಕಡೆಯಿಂದ ಕಿತ್ತು, ಅದರ ತುದಿಯನ್ನು ಇಂಜಿನ್ನಿನ ಲೋಹಕ್ಕೆ ಭದ್ರವಾಗಿ ತಾಗಿಸಿ ಕಟ್ಟಿ. ಕಾರ್ಬುರೇಟರಿಗೆ ಬರುವ ಪೈಪನ್ನು ಬಿಚ್ಚಿ ಗಾಜಿನ ಬಾಟಲಿಯೊಳಗೆ ಇಳಿಸಿ, ಐದು ಸೆಕೆಂಡು ಸೆಲ್ಫ್ ಹೊಡೆಸಿ. ಪೆಟ್ರೋಲ್ ನಾಡಿ ಬಡಿದಂತೆ ತುಂಡು ತುಂಡಾಗಿ ಚಿಮ್ಮಬೇಕು. ಚಿಮ್ಮದಿದ್ದರೆ ಟ್ಯಾಂಕಿನಿಂದ ಪಂಪಿಗೆ ಬರುವ ದಾರಿ ಕಟ್ಟಿದೆ ಅಥವಾ ಪಂಪ್ ಸತ್ತಿದೆ. ಮೂರನೆಯ ಸಾಧ್ಯತೆಯೊಂದಿದೆ, ಅದು ಟೈಮಿಂಗ್ ಬೆಲ್ಟಿನದು. ಈ ಪಂಪನ್ನು ಬಡಿಯುವುದು ಇಂಜಿನ್ನಿನ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್, ಕ್ಯಾಮ್‌ಶಾಫ್ಟನ್ನು ತಿರುಗಿಸುವುದು ಬೆಲ್ಟ್.

ಪೆಟ್ರೋಲ್ ಇದೆ, ಕಿಡಿ ಇಲ್ಲ

ಗ್ಯಾರೇಜಿನ ಭಾಷೆಯಲ್ಲಿ ‘ಕರೆಂಟ್ ಬರುತ್ತಿಲ್ಲ’. ನೋಡುವ ಬಗೆ ಸುಲಭ, ಆದರೆ ಹುಡುಗಾಟದ್ದಲ್ಲ. ಕಾಯಿಲಿನಿಂದ ಬರುವುದು ಹತ್ತು ಸಾವಿರ ವೋಲ್ಟಿಗೂ ಮೀರಿದ ಏಟು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದ ಹತ್ತಿರವೂ ನಿಲ್ಲಬಾರದು. ಪೆಟ್ರೋಲ್ ಪರೀಕ್ಷೆ ಮಾಡಿದ್ದರೆ ಪೈಪು ಮತ್ತೆ ಬಿಗಿಯಾಗಿದೆಯೇ, ಚೆಲ್ಲಿದ್ದು ಪೂರ್ತಿ ಆರಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಒಂದು ಪ್ಲಗ್ ಬಿಚ್ಚಿ. ತುದಿ ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಸುಡುತ್ತಿಲ್ಲ. ಒಣಗಿದ್ದರೆ ಹಿಂದಿನ ಭಾಗಕ್ಕೆ ಮರಳಿ. ಒಣ ಮಸಿ ಕಟ್ಟಿದ್ದರೆ ತಂತಿ ಬ್ರಷ್ಷಿನಿಂದ ಉಜ್ಜಿ, ಸಂದು 0.7ರಿಂದ 0.8 ಮಿಲಿಮೀಟರ್ ಇದೆಯೇ ನೋಡಿ. ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿಗೆ ಗಟ್ಟಿಯಾಗಿ ತಾಗಿಸಿ, ಪ್ಲಗ್ ಬಿಚ್ಚಿದ ತೂತಿನಿಂದ ಸಾಕಷ್ಟು ದೂರದಲ್ಲಿ, ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿಯಿರಿ. ಇನ್ನೊಬ್ಬರು ಎರಡು ಮೂರು ಸೆಕೆಂಡು ಸೆಲ್ಫ್ ಹೊಡೆಯಲಿ. ‘ಚಟ್ ಚಟ್’ ಎಂದು ನೀಲಿ ಕಿಡಿ ಹಾರಿದರೆ ಒಳ್ಳೆಯದು. ಹಳದಿಯಾಗಿ ಸೊರಗಿದ್ದರೆ ಎಲ್ಲೋ ಸೋರಿಹೋಗುತ್ತಿದೆ. ಏನೂ ಇಲ್ಲದಿದ್ದರೆ ಮುಂದಕ್ಕೆ.

ಮೂರೂ ಪ್ಲಗ್ಗಿಗೆ ಕಿಡಿ ಇಲ್ಲವೆಂದರೆ ದೋಷ ಪ್ಲಗ್ಗಿನದಲ್ಲ. ಮೂರು ಒಟ್ಟಿಗೆ ಸಾಯುವುದಿಲ್ಲ. ಆದರೂ ಹಲವರು ಮೊದಲು ಮಾಡುವುದು ಹೊಸ ಪ್ಲಗ್ ಸೆಟ್ ತರುವುದನ್ನೇ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಿರಿ, ಹಳೆಯ ಮೆಕ್ಯಾನಿಕ್‌ಗಳು ಇದನ್ನು ಡೆಲ್ಕೊ ಎನ್ನುವುದುಂಟು. ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ಎಳೆದಂತೆ ಕೂದಲೆಳೆಯ ಕಪ್ಪು ಗೆರೆ ಇದ್ದರೆ ಕಿಡಿ ಆ ದಾರಿಯಲ್ಲಿ ಓಡಿಹೋಗುತ್ತಿದೆ. ಉಜ್ಜಿದರೆ ಹೋಗುವುದಿಲ್ಲ, ಮುಚ್ಚಳ ಬದಲಿಸಬೇಕು. ನಡುವಿನ ಇಂಗಾಲದ ಗುಂಡಿ ಸವೆದಿದೆಯೇ, ಅದರ ಕೆಳಗೆ ತಿರುಗುತ್ತ ಕಿಡಿ ಹಂಚುವ ರೋಟರ್ ಬಿರುಕು ಬಿಟ್ಟಿದೆಯೇ ನೋಡಿ.

ರೋಟರ್ ಕೆಳಗಿನದೇ ಸಿಬಿ ಪಾಯಿಂಟ್. ನನ್ನ ಗಾಡಿ ನಿಂತ ಹತ್ತು ಸಲದಲ್ಲಿ ಐದು ಸಲ ತಪ್ಪಿತಸ್ಥ ಇದೇ. ಎರಡು ಸಣ್ಣ ಲೋಹದ ಗುಂಡಿಗಳು, ತಿರುಗುವಾಗ ತೆರೆದು ಮುಚ್ಚಿ ಕಾಯಿಲಿಗೆ ಕಿಡಿ ಹುಟ್ಟಿಸಲು ಹೇಳುತ್ತವೆ. ಪೂರ್ತಿ ತೆರೆದಾಗ ನಡುವೆ 0.4ರಿಂದ 0.5 ಮಿಲಿಮೀಟರ್ ಸಂದು ಇರಬೇಕು, ಫೀಲರ್ ಗೇಜಿನಿಂದ ಅಳೆಯಬೇಕು. ಮೈ ಕಪ್ಪಾಗಿ ಗುಳಿ ಬಿದ್ದಿದ್ದರೆ ನುಣುಪು ಪಾಲಿಶ್ ಕಾಗದದಿಂದ ಉಜ್ಜಿ, ಒಣ ಕಾಗದ ತೂರಿಸಿ ಎಳೆದು ಪುಡಿ ತೆಗೆಯಿರಿ. ಇದು ಊರು ತಲುಪುವುದಕ್ಕೆ ಸಾಕು, ಆಮೇಲೆ ಹೊಸದು ಹಾಕಿಸಿ. ಹೊಸ ಪಾಯಿಂಟ್ ಕೂಡ ಬೇಗ ಬೇಗ ಸುಡುತ್ತಿದ್ದರೆ ಪಾಯಿಂಟಿನ ನಡುವಿನ ಕಿಡಿಯನ್ನು ತಗ್ಗಿಸುವ ಕಂಡೆನ್ಸರ್ ಸತ್ತಿದೆ. ಎರಡನ್ನೂ ಜೊತೆಯಾಗಿಯೇ ಬದಲಿಸುವುದು ಜಾಣತನ. ಪಾಯಿಂಟಿಗೆ ಬರುವ ಸಣ್ಣ ತಂತಿ ಪ್ಲಾಸ್ಟಿಕ್ ಹೊದಿಕೆಯೊಳಗೇ ತುಂಡಾಗಿರುವುದುಂಟು. ಹೊರಗೆ ಏನೂ ಕಾಣುವುದಿಲ್ಲ, ಮೆಲ್ಲನೆ ಎಳೆದರೆ ರಬ್ಬರಿನಂತೆ ಉದ್ದವಾಗುತ್ತದೆ. ಇದನ್ನು ಕಂಡುಹಿಡಿಯಲು ನನಗೆ ಎರಡು ಭಾನುವಾರ ಹಿಡಿಯಿತು. ಒಂದು ಗ್ಯಾರೇಜಿನವರು ಅದಕ್ಕೂ ಮೊದಲು ಕಾಯಿಲ್, ಪ್ಲಗ್, ಬ್ಯಾಟರಿ ಮೂರನ್ನೂ ಹೊಸದು ಹಾಕಿ ಬಿಲ್ ಮಾಡಿಯಾಗಿತ್ತು.

ಕೀ ಆನ್ ಮಾಡಿದಾಗ ಕಾಯಿಲಿನ ಪ್ಲಸ್ ತಂತಿಗೆ ಟೆಸ್ಟ್ ಲ್ಯಾಂಪ್ ಉರಿಯದಿದ್ದರೆ ಫ್ಯೂಸ್ ಅಥವಾ ಇಗ್ನಿಷನ್ ಸ್ವಿಚ್. ಪರೀಕ್ಷೆ ಮುಗಿದ ಮೇಲೆ ಕೀಯನ್ನು ಆನ್‌ನಲ್ಲೇ ಬಿಟ್ಟು ಹೋಗಬೇಡಿ, ಕಾಯಿಲ್ ಕಾದು ಸುಡುತ್ತದೆ.

ಸೆಲ್ಫ್ ಹೊಡೆಯುವಾಗ ಹತ್ತುತ್ತದೆ, ಕೀ ಬಿಟ್ಟ ಕ್ಷಣ ಸಾಯುತ್ತದೆ

ಈ ಲಕ್ಷಣ ಅಪರೂಪ, ಆದರೆ ಉತ್ತರ ಖಚಿತ. ಸೆಲ್ಫ್ ಹೊಡೆಯುವಾಗ ಕಾಯಿಲಿಗೆ ಒಂದು ದಾರಿಯಲ್ಲಿ, ಆಮೇಲೆ ಇನ್ನೊಂದು ದಾರಿಯಲ್ಲಿ ವಿದ್ಯುತ್ ಬರುವ ಗಾಡಿಗಳಿವೆ. ಎರಡನೆಯ ದಾರಿಯಲ್ಲಿರುವ ಪಿಂಗಾಣಿಯ ರೆಸಿಸ್ಟರ್ ಅಥವಾ ಇಗ್ನಿಷನ್ ಸ್ವಿಚ್ಚಿನ ಒಳಗುಂಡಿ ಹೋಗಿದೆ ಎಂದರ್ಥ. ಆಕ್ಸಿಲರೇಟರ್ ಒತ್ತಿ ಹಿಡಿದಷ್ಟು ಹೊತ್ತು ಓಡಿ, ಕಾಲು ತೆಗೆದ ಕೂಡಲೇ ನಿಂತರೆ ಅದು ಬೇರೆ ಕತೆ: ಆಕ್ಸಿಲರೇಟರ್ ಒತ್ತದಿರುವಾಗ ಪೆಟ್ರೋಲ್ ಕೊಡುವ ಕಾರ್ಬುರೇಟರಿನ ಐಡ್ಲಿಂಗ್ ಜೆಟ್ ಕಟ್ಟಿದೆ, ಅಥವಾ ಅದನ್ನು ವಿದ್ಯುತ್ತಿನಿಂದ ತೆರೆಯುವ ಸೊಲೆನಾಯ್ಡ್ ಕೆಲಸ ಮಾಡುತ್ತಿಲ್ಲ. ಕೀ ಆನ್ ಮಾಡಿದಾಗ ಸೊಲೆನಾಯ್ಡ್ ಸಣ್ಣಗೆ ‘ಟಿಕ್’ ಎನ್ನಬೇಕು.

ಮಳೆ ಬಂದ ಬೆಳಿಗ್ಗೆ ಮಾತ್ರ ಹಟ

ನೀರು, ಇಬ್ಬನಿ, ಕೊಟ್ಟಿಗೆಯ ಆರ್ದ್ರತೆ. ಕತ್ತಲಲ್ಲಿ ಬಾನೆಟ್ ಎತ್ತಿ, ಕೈ ದೂರವಿಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ನೋಡಿ. ಹಳೆಯ ಪ್ಲಗ್ ತಂತಿಗಳ ಮೈಯಲ್ಲಿ ಮಿಣುಕುಹುಳದಂತೆ ನೀಲಿ ಕಿಡಿಗಳು ಓಡಾಡಿದರೆ ರೋಗ ಕಣ್ಣಿಗೇ ಕಂಡಂತೆ. ಮುಚ್ಚಳದ ಒಳಗೆ, ಹೊರಗೆ, ತಂತಿಗಳ ಮೈಯನ್ನೆಲ್ಲ ಒಣ ಹತ್ತಿಬಟ್ಟೆಯಿಂದ ಒರೆಸಿದರೆ ಅಂದಿಗೆ ಸಾಕು. ಖಾಯಂ ಪರಿಹಾರ ಹೊಸ ತಂತಿ ಸೆಟ್. ಇಲಿ ಕಡಿದ ಗುರುತನ್ನೂ ಹುಡುಕಿ.

ಗಾಡಿ ನೀರು ನುಗ್ಗಿದ ರಸ್ತೆಯಲ್ಲಿ ನಡುವೆಯೇ ನಿಂತಿದ್ದರೆ ಮೇಲಿನದು ಯಾವುದೂ ಅನ್ವಯಿಸುವುದಿಲ್ಲ. ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿನೊಳಗೆ ನೀರಿದ್ದರೆ ಅದು ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆದೊಯ್ದು, ಪ್ಲಗ್ ಬಿಚ್ಚಿ ನೀರು ತೆಗೆದ ಮೇಲೆ ಮುಂದಿನ ಮಾತು.

ಘಾಟಿ ಹತ್ತುವಾಗ ಚೆನ್ನಾಗಿತ್ತು, ಕಾಫಿ ಕುಡಿದು ಬಂದಾಗ ಹತ್ತುವುದಿಲ್ಲ

ಏಪ್ರಿಲ್ ಮಧ್ಯಾಹ್ನ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತಿ ಮೇಲೆ ನಿಲ್ಲಿಸಿದವರಿಗೆ ಇದರ ಅನುಭವ ಇರುತ್ತದೆ. ಓಡುವಾಗ ಗಾಳಿ, ಫ್ಯಾನು, ಹರಿಯುವ ಪೆಟ್ರೋಲ್ ಸೇರಿ ಪಂಪನ್ನು ತಂಪಾಗಿಡುತ್ತವೆ. ನಿಲ್ಲಿಸಿದ ಮೇಲೆ ಇಂಜಿನ್ನಿನ ಬಿಸಿಯೆಲ್ಲ ಪಂಪಿಗೂ ಪೈಪಿಗೂ ಏರುತ್ತದೆ, ಒಳಗಿನ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಪಂಪು ಆವಿಯನ್ನು ತಳ್ಳಲಾರದು. ಇದೇ ವೇಪರ್ ಲಾಕ್. ಬಾನೆಟ್ ತೆರೆದಿಟ್ಟು ಇಪ್ಪತ್ತು ನಿಮಿಷ ಕಾಯುವುದು ಎಲ್ಲಕ್ಕಿಂತ ಒಳ್ಳೆಯ ಔಷಧಿ. ಅವಸರವಿದ್ದವರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಾರೆ, ಅದೂ ಕೆಲಸ ಮಾಡುತ್ತದೆ. ಆದರೆ ಡಿಸ್ಟ್ರಿಬ್ಯೂಟರ್ ಮೇಲೆ ನೀರು ತೊಟ್ಟಿಕ್ಕಬಾರದು, ಕಾದ ಇಂಜಿನ್ ಬ್ಲಾಕಿಗೆ ಬಕೆಟ್ ನೀರು ಸುರಿಯಬಾರದು, ರೇಡಿಯೇಟರ್ ಮುಚ್ಚಳ ತೆರೆಯಬಾರದು.

ಕಾದು ತಣಿದ ಮೇಲೆ ಹತ್ತುವ ಗಾಡಿಯಲ್ಲಿ ಇನ್ನೊಂದು ಕಳ್ಳ ಇರಬಹುದು: ಬಿಸಿಯಾದಾಗ ಒಳಗೆ ಸಂಪರ್ಕ ಕಳೆದುಕೊಳ್ಳುವ ಕಾಯಿಲ್. ನಿಂತ ಕೂಡಲೇ ಕಿಡಿ ಪರೀಕ್ಷೆ ಮಾಡಿದರೆ ಮಾತ್ರ ಸಿಕ್ಕಿಬೀಳುತ್ತದೆ. ತಣಿದ ಮೇಲೆ ನೋಡಿದರೆ ಎಲ್ಲ ಸರಿಯಿರುತ್ತದೆ, ಮೆಕ್ಯಾನಿಕ್ ನಿಮ್ಮನ್ನೇ ಸಂಶಯದಿಂದ ನೋಡುತ್ತಾರೆ.

ಕೆಮ್ಮುತ್ತದೆ, ಢಮ್ ಎನ್ನುತ್ತದೆ, ಹತ್ತುವುದಿಲ್ಲ

ನಿನ್ನೆ ಸರ್ವಿಸ್ ಆಗಿ ಬಂದ ಗಾಡಿಯೇ? ಹಾಗಿದ್ದರೆ ಪ್ಲಗ್ ತಂತಿಗಳು ಅದಲುಬದಲಾಗಿರಬಹುದು. 800ರ ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನಿನಲ್ಲಿ ಕಿಡಿಯ ಸರದಿ 1-3-2. ಯಾರೂ ಮುಟ್ಟದೆ ಹೀಗಾದರೆ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಾಗಿ ಟೈಮಿಂಗ್ ಸರಿದಿರಬಹುದು, ಅಥವಾ ಬೆಲ್ಟು ಹಲ್ಲು ಹಾರಿರಬಹುದು. ಟೈಮಿಂಗ್ ಲೈಟ್ ಇರುವವರ ಬಳಿ ಒಯ್ಯಿರಿ.

ಸೆಲ್ಫ್ ಎಂದಿಗಿಂತ ಹಗುರವಾಗಿ, ಒಂದೇ ಸಮನೆ ತಿರುಗುತ್ತದೆ

ಇಲ್ಲಿ ಕಿವಿ ಬೇಕು. ಸರಿಯಿರುವ ಇಂಜಿನ್ನನ್ನು ಸೆಲ್ಫ್ ಸುತ್ತುವಾಗ ಒಂದು ಲಯವಿರುತ್ತದೆ. ಒಂದೊಂದು ಸಿಲಿಂಡರ್ ಒತ್ತುವಾಗಲೂ ಸೆಲ್ಫ್ ಸ್ವಲ್ಪ ಏದುಸಿರು ಬಿಡುತ್ತದೆ. ಆ ಲಯ ಮಾಯವಾಗಿ ಬಾವಿಯ ಖಾಲಿ ರಾಟೆ ತಿರುಗಿದಂತೆ ಕೇಳಿದರೆ ಕೀ ಬಿಡಿ. ಮುಚ್ಚಳ ತೆಗೆದ ಡಿಸ್ಟ್ರಿಬ್ಯೂಟರನ್ನು ದೂರದಿಂದ ನೋಡುತ್ತ, ಒಂದೇ ಒಂದು ಸೆಕೆಂಡು ಸೆಲ್ಫ್ ಹೊಡೆಸಿ. ರೋಟರ್ ತಿರುಗದಿದ್ದರೆ, ಕ್ಯಾಮ್‌ಶಾಫ್ಟ್ ಮೂಲಕ ಅದನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ತುಂಡಾಗಿದೆ. ಇನ್ನು ಒಂದು ಸುತ್ತೂ ಬೇಡ, ತಳ್ಳಿಯೂ ಸ್ಟಾರ್ಟ್ ಮಾಡಬಾರದು. ಗಾಡಿಯನ್ನು ಎಳೆದೊಯ್ಯಿರಿ.

ರೋಟರ್ ತಿರುಗುತ್ತಿದ್ದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿಸಿ. ಒಂದು ಸಿಲಿಂಡರ್ ಉಳಿದವಕ್ಕಿಂತ ತೀರಾ ಕೆಳಗಿದ್ದರೆ ವಾಲ್ವ್ ಅಥವಾ ರಿಂಗ್, ಅಕ್ಕಪಕ್ಕದ ಎರಡು ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಆಯಿಲ್ ಮುಚ್ಚಳದ ಅಡಿಯಲ್ಲಿ ಮಜ್ಜಿಗೆಯಂತಹ ಬಿಳಿ ನೊರೆ ಕಂಡು, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಅನುಮಾನ ಗಟ್ಟಿಯಾಯಿತು. ಇಲ್ಲಿಗೆ ಮನೆಯ ಅಂಗಳದ ಕೆಲಸ ಮುಗಿಯುತ್ತದೆ.

ಎಂಪಿಎಫ್‌ಐ ಗಾಡಿಯಾದರೆ

ಚೋಕ್ ಇಲ್ಲ, ಪಾಯಿಂಟ್ ಇಲ್ಲ. ಕೀ ಆನ್ ಮಾಡಿ ಕಿವಿಗೊಟ್ಟರೆ ಹಿಂದಿನ ಟ್ಯಾಂಕಿನೊಳಗೆ ಎರಡು ಮೂರು ಸೆಕೆಂಡು ‘ಗುಂಯ್’ ಎನ್ನುವ ಸದ್ದು ಕೇಳಬೇಕು. ಕೇಳದಿದ್ದರೆ ಮೊದಲು ಫ್ಯೂಸ್, ಆಮೇಲೆ ಪಂಪಿನ ರಿಲೇ. ಪಕ್ಕದಲ್ಲಿ ಅದೇ ನಂಬರಿನ ರಿಲೇ ಇದ್ದರೆ ಅದಲುಬದಲು ಮಾಡಿ ನೋಡುವುದಕ್ಕೆ ಖರ್ಚಿಲ್ಲ. ಪೆಟ್ರೋಲ್ ಪೈಪನ್ನು ಮಾತ್ರ ಬಿಚ್ಚಬೇಡಿ, ಒಳಗಿನ ಒತ್ತಡಕ್ಕೆ ಕಣ್ಣಿಗೆ ಎರಚುತ್ತದೆ. ಪ್ಲಗ್ ತಂತಿಯನ್ನು ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆದರೆ ಕಾಯಿಲ್ ಸುಡಬಹುದು.

ಕೀ ಆನ್ ಆದಾಗ ಇಂಜಿನ್ ಚಿತ್ರದ ದೀಪ ಉರಿಯಲೇ ಇಲ್ಲವೆಂದರೆ ಕಂಪ್ಯೂಟರಿಗೆ ವಿದ್ಯುತ್ತೇ ಹೋಗುತ್ತಿಲ್ಲ. ಮುಖ್ಯ ಫ್ಯೂಸ್, ಮುಖ್ಯ ರಿಲೇ, ಇಲಿ ಕಡಿದ ತಂತಿ ಇವನ್ನು ನೋಡಿ. ಕೀಯ ಚಿತ್ರದ ದೀಪ ಮಿಟುಕುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ನಿಮ್ಮ ಕೀಯನ್ನು ಗುರುತಿಸಿಲ್ಲ. ಎರಡನೆಯ ಕೀ ಹಾಕಿ ನೋಡಿ. ಓವರ್‌ಫ್ಲೋ ಆಗಿದ್ದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯುವ ಉಪಾಯ ಇಲ್ಲಿಯೂ ನಡೆಯುತ್ತದೆ, ಹೆಚ್ಚಿನ ಗಾಡಿಗಳಲ್ಲಿ ಕಂಪ್ಯೂಟರ್ ಆಗ ಪೆಟ್ರೋಲ್ ನಿಲ್ಲಿಸುತ್ತದೆ. ಬಿಸಿಯಾದಾಗ ನಿಂತು ತಣಿದಾಗ ಹತ್ತಿದರೆ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್ ಮೇಲೆ ಕಣ್ಣಿಡಿ. ಮೊಬೈಲಿಗೆ ಜೋಡಿಸುವ ಅಗ್ಗದ ಸ್ಕ್ಯಾನರ್ ಆರಂಭದ ಎಂಪಿಎಫ್‌ಐ ಗಾಡಿಗಳಿಗೆ ಹೊಂದುವುದಿಲ್ಲ, ಕೊಂಡು ಹಣ ಕಳೆಯಬೇಡಿ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ

‘ಗಾಡಿ ಸ್ಟಾರ್ಟ್ ಆಗುತ್ತಿಲ್ಲ’ ಎಂದಷ್ಟೇ ಹೇಳಿದರೆ ಅವರು ಬ್ಯಾಟರಿ ಹಿಡಿದು ಬರುತ್ತಾರೆ. ಸೆಲ್ಫ್ ಚುರುಕಾಗಿದೆಯೇ ಸೋತಿದೆಯೇ, ಪ್ಲಗ್ ಒದ್ದೆಯೋ ಒಣವೋ, ಕಿಡಿ ಇದೆಯೋ ಇಲ್ಲವೋ, ರೋಟರ್ ತಿರುಗುತ್ತದೆಯೇ, ನಿಂತದ್ದು ಬಿಸಿಯಲ್ಲೋ ಮಳೆಯಲ್ಲೋ ಸರ್ವಿಸ್ ಆದ ಮೇಲೋ, ಇಷ್ಟನ್ನು ಹೇಳಿ. ಸಿಬಿ ಪಾಯಿಂಟ್ ಗಾಡಿ ಎಂಬುದನ್ನು ಮೊದಲೇ ತಿಳಿಸಿ. ಈಗಿನ ಹುಡುಗರಲ್ಲಿ ಅದನ್ನು ಬಿಚ್ಚಿ ನೋಡಿದವರು ಕಡಿಮೆ. ಗ್ಯಾರೇಜಿನ ಹಿಂದೆ ಕುಳಿತು ಪತ್ರಿಕೆ ಓದುತ್ತಿರುವ ಹಿರಿಯರನ್ನು ಎಬ್ಬಿಸಿ ಕರೆತರಬೇಕಾಗಬಹುದು.